ಊರಲ್ಲಿ ಆಹಾರ ಬಳಗ ಕಟ್ಟುವುದು ಹೇಗೆ? ಯಾದಗಿರಿ, ಕಲಬುರಗಿ ಸೀಮೆಯವರಿಗೆ ಒಂದು ಮಾರ್ಗದರ್ಶಿ

“ನಮ್ಮೂರಾಗ ಕೆಲವರ ಮನ್ಯಾಗ ಎರಡು ಹೊತ್ತು ಒಲಿ ಹೊತ್ತೂದು ಕಷ್ಟ ಆಗೇದ್ರಿ. ನಾವು ಹುಡುಗರು ಕೂಡಿ ಏನರ ಮಾಡಬೇಕಂತೀವಿ. ಎಲ್ಲಿಂದ ಸುರು ಮಾಡೂಣು?” ಶಹಾಪುರ, ಸುರಪುರ, ಸೇಡಂ, ಚಿಂಚೋಳಿ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇದೆ. ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನೂ ಆಗಲೇ ತೀರ್ಮಾನಿಸಿರುತ್ತಾರೆ: ಪಟ್ಟಿ ಎತ್ತಿ, ಅಕ್ಕಿ-ಎಣ್ಣೆ-ಬೇಳೆಯ ಕಿಟ್ ಕಟ್ಟಿ, ಒಂದು ಭಾನುವಾರ ಹಂಚುವುದು.

ಕಿಟ್ ಹಂಚುವುದು ಕೆಟ್ಟದ್ದೇನಲ್ಲ. ಆದರೆ ಹದಿನೈದು ದಿನಕ್ಕೆ ಕಿಟ್ ಮುಗಿಯುತ್ತದೆ, ಬಳಗವೂ ಅಷ್ಟಕ್ಕೇ ಮುಗಿಯುತ್ತದೆ. ನಮ್ಮ ಭಾಗದಲ್ಲಿ ರೇಷನ್, ಅಂಗನವಾಡಿ, ಶಾಲೆಯ ಬಿಸಿಯೂಟ ಎಲ್ಲ ಇದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಹಾಗಾದರೆ ಬರಬೇಕಾದ್ದು ಯಾರ ಮನೆಗೆ ಬರುತ್ತಿಲ್ಲ, ಬಂದದ್ದು ಯಾರಿಗೆ ಸಾಲುತ್ತಿಲ್ಲ ಎಂದು ಹೆಸರು ಹಿಡಿದು ತಿಳಿಯುವುದೇ ಬಳಗದ ಮೊದಲ ಕೆಲಸ. ಕೆಳಗಿನ ಹಂತಗಳೆಲ್ಲ ಆ ಹೆಸರಿನ ವಹಿಯ ಸುತ್ತಲೇ ಇವೆ.

ಬೇಕಾಗುವುದು

ಉದ್ದನೆಯ ಒಂದು ರಿಜಿಸ್ಟರ್, ತಿಂಗಳಿಗೆ ಎರಡು ಸಂಜೆ ಕೊಡಬಲ್ಲ ಎಂಟ್ಹತ್ತು ಜನ, ಕೂಡಲು ಎಲ್ಲರೂ ಹಿಂಜರಿಯದೆ ಬರುವಂಥ ಜಾಗ, ಅರ್ಜಿ ಬರೆಯಬಲ್ಲ ಒಬ್ಬರು. ದುಡ್ಡು ಆಮೇಲೆ. ಲೆಟರ್‌ಹೆಡ್, ಬ್ಯಾನರ್ ಬೇಡ.

ಹಂತ 1: ಜಾಗ ಸಣ್ಣದು ಮಾಡಿಕೊಳ್ಳಿ

ಜಿಲ್ಲೆ, ತಾಲೂಕು ಎಂದು ಹೊರಡಬೇಡಿ. ಒಂದು ಗ್ರಾಮ ಪಂಚಾಯಿತಿ, ಅದರ ತಾಂಡಾಗಳೂ ಸೇರಿ. ಪಟ್ಟಣವಾದರೆ ಅಕ್ಕಪಕ್ಕದ ಎರಡು ವಾರ್ಡು. ಕುಟುಂಬಗಳನ್ನು ಮುಖ ನೋಡಿ ಗುರುತಿಸುವಷ್ಟು ಸಣ್ಣದಿರಬೇಕು. ಮುಖ್ಯ ಊರನ್ನು ಮಾತ್ರ ಹಿಡಿದು ತಾಂಡಾ, ಹೊಲದ ಮನೆಗಳನ್ನು ಬಿಟ್ಟರೆ ಕೆಲಸ ಅರ್ಧ ಕೆಟ್ಟಂತೆ.

ಹಂತ 2: ಯಾರನ್ನು ಕೂಡಿಸಬೇಕು

ಊರ ಹಿರಿಯರು, ಸಂಘಗಳ ಅಧ್ಯಕ್ಷರು ಎಲ್ಲರಿಗೂ ಮೊದಲು ನೆನಪಾಗುತ್ತಾರೆ. ನೀವು ಮೊದಲು ಹಿಟ್ಟಿನ ಗಿರಣಿಗೆ ಹೋಗಿ. ಯಾರ ಮನೆಯಿಂದ ಎಷ್ಟು ದಿನಕ್ಕೊಮ್ಮೆ ಜೋಳ ಬೀಸಲು ಬರುತ್ತದೆ ಎಂದು ಗಿರಣಿಯವರಿಗೆ ಗೊತ್ತು. ಐದು ಸೇರು ತರುತ್ತಿದ್ದವರು ಒಂದು ಸೇರು ತರುತ್ತಿದ್ದಾರೆ, ಅಥವಾ ಜೋಳಕ್ಕೆ ರೇಷನ್ ಅಕ್ಕಿ ಬೆರೆಸಿ ಬೀಸಿಸಿಕೊಳ್ಳುತ್ತಿದ್ದಾರೆ ಎಂದರೆ ಆ ಮನೆಯ ಕಣಜ ಬರಿದಾಗುತ್ತಿದೆ ಎಂದರ್ಥ. ಕಿರಾಣಿ ಅಂಗಡಿಯವರ ಉದ್ರಿ ವಹಿಯಲ್ಲಿ ಬೇಳೆ, ಒಳ್ಳೆಣ್ಣೆ ಯಾರ ಲೆಕ್ಕದಿಂದ ಮಾಯವಾಗಿದೆ ಎಂಬುದು ಕಾಣುತ್ತದೆ. ಇವರಿಬ್ಬರೂ ಸಭೆಗೆ ಬಂದು ಭಾಷಣ ಮಾಡುವವರಲ್ಲ, ಆದರೆ ಇವರಿಲ್ಲದೆ ಬಳಗಕ್ಕೆ ಕಣ್ಣಿಲ್ಲ.

ಇವರ ಜೊತೆಗೆ ಸಂಜೀವಿನಿ ಒಕ್ಕೂಟದ (ಪಂಚಾಯಿತಿಯ ಮಹಿಳಾ ಸ್ವಸಹಾಯ ಸಂಘಗಳೆಲ್ಲ ಸೇರಿದ ಕೂಟ) ಇಬ್ಬರು, ಶಾಲೆಯ ಎಸ್‌ಡಿಎಂಸಿಯ (ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ) ಒಬ್ಬ ತಾಯಿ, ತಾಂಡಾದ ನಾಯಕ ಅಥವಾ ಕಾರಭಾರಿ, ದಲಿತರ ಓಣಿಯಿಂದ ಇಬ್ಬರು (ಒಬ್ಬರೇ ಇದ್ದರೆ ಮಾತಾಡುವುದಿಲ್ಲ), ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಇರಲಿ. ಕೊನೆಯ ಇಬ್ಬರ ವಿಷಯದಲ್ಲಿ ಒಂದು ಎಚ್ಚರ: ಇವರ ಹೆಸರು, ಸಹಿ ಯಾವ ದೂರಿನ ಮೇಲೂ ಬರಬಾರದು. ಮೇಲಿನವರಿಂದ ಬೈಸಿಕೊಳ್ಳುವವರು ಅವರೇ. ಮಾಹಿತಿ ಅವರು ಕೊಡಲಿ, ಅರ್ಜಿಗೆ ಸಹಿ ಬೇರೆಯವರು ಹಾಕಲಿ.

ರೇಷನ್ ಅಂಗಡಿಯವರನ್ನು ಸೇರಿಸಬೇಕೇ ಎಂದು ಬಹಳ ಜನ ಕೇಳುತ್ತಾರೆ. ಸಭೆಗೆ ಕರೆಯಿರಿ, ಚಹಾ ಕೊಡಿ, ಅವರ ತೊಂದರೆಯನ್ನೂ ಕೇಳಿ. ಸದಸ್ಯರನ್ನಾಗಿ ಮಾತ್ರ ಮಾಡಬೇಡಿ. ನಾಳೆ ಅವರ ತೂಕದ ಬಗ್ಗೆ ಮಾತಾಡಬೇಕಾಗಿ ಬಂದರೆ ಎಲ್ಲರ ಬಾಯಿ ಕಟ್ಟುತ್ತದೆ.

ದಾಸೋಹದ ಪರಂಪರೆ ಇರುವ ಜಾಗಗಳನ್ನೂ ಬಿಡಬೇಡಿ. ಕಲಬುರಗಿಯ ಶರಣಬಸವೇಶ್ವರರ ದಾಸೋಹ, ಬೀದರಿನ ಗುರುನಾನಕ್ ಝೀರಾದ ಲಂಗರ್ ಎಲ್ಲರಿಗೂ ಗೊತ್ತಿರುವಂಥವು. ಊರೂರಿನ ಮಠ, ದರ್ಗಾ, ಚರ್ಚುಗಳಲ್ಲೂ ದೊಡ್ಡ ಪಾತ್ರೆ, ಒಲೆ, ಅಡುಗೆ ಗೊತ್ತಿರುವ ಕೈಗಳು ಇರುತ್ತವೆ. ಆದರೆ ಬಳಗದ ಸಭೆಯನ್ನು ಗುಡಿಯೊಳಗೋ ಮಸೀದಿಯೊಳಗೋ ಇಟ್ಟುಕೊಂಡರೆ ಕೆಲವರು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಶಾಲೆಯ ಜಗಲಿ ಮೇಲು. ಹೊತ್ತು ಗೊತ್ತು ಮಾಡುವಾಗ ಹೆಣ್ಣುಮಕ್ಕಳನ್ನು ಕೇಳಿ. ಸಂಜೆ ಏಳಕ್ಕೆ ರೊಟ್ಟಿ ಬಡಿಯುವ ಹೊತ್ತು. ಆಗ ಸಭೆ ಕರೆದು “ಹೆಂಗಸರು ಬರಂಗಿಲ್ಲ” ಎಂದು ದೂರುವುದು ಸರಿಯಲ್ಲ.

ಹಂತ 3: ಹೆಸರಿನ ವಹಿ

“ನಿಮಗೆ ಊಟಕ್ಕೆ ತೊಂದರೆ ಇದೆಯೇ?” ಎಂದು ಕೇಳಿದರೆ ಯಾವ ಮನೆಯವರೂ ಹೌದು ಎನ್ನುವುದಿಲ್ಲ. ಮಾನದ ಪ್ರಶ್ನೆ. ಆದ್ದರಿಂದ ಸುತ್ತಿ ಬಳಸಿ ಕೇಳಬೇಕು, ಅದೂ ಅದೇ ಓಣಿಯ ಹೆಣ್ಣುಮಗಳು ಕೇಳಬೇಕು:

“ನಿನ್ನಿ ರಾತ್ರಿ ಏನ್ ಅಡಗಿ ಮಾಡಿದ್ರಿ ಯಕ್ಕಾ?” “ಬ್ಯಾಳಿ ಮಾಡಿ ಎಷ್ಟು ದಿನ ಆತು?” “ರೇಷನ್ ಎಷ್ಟನೇ ತಾರೀಖಿನ ತನಕ ಬರ್ತದ?” “ಮನ್ಯಾಗ ಕಡೀಕ್ ಉಣ್ಣೋರು ಯಾರು?” “ನೀವು ಗುಳೆ ಹೋದ್ರ ಮನ್ಯಾಗ ಯಾರಿರ್ತಾರ?”

ಬರೀ ರೊಟ್ಟಿ, ಶೇಂಗಾ ಹಿಂಡಿ, ಖಾರ ಎಂಬ ಉತ್ತರ ವಾರವಿಡೀ ಬಂದರೆ ಹೊಟ್ಟೆ ತುಂಬುತ್ತಿರಬಹುದು, ಬೇಳೆ-ಕಾಯಿಪಲ್ಯ-ತತ್ತಿ ಇಲ್ಲ ಎಂದು ಬರೆದುಕೊಳ್ಳಿ. ಎಲ್ಲರೂ ಉಂಡ ಮೇಲೆ ಸೊಸೆ ಉಣ್ಣುವ ಮನೆಯಲ್ಲಿ ಆಕೆ ಬಸುರಿಯಾಗಿದ್ದರೆ ಹೆಸರಿನ ಮುಂದೆ ಗುರುತು ಹಾಕಿ.

ನಾಲ್ಕು ಗುಂಪು ಮಾಡಿ ಬರೆಯಿರಿ:

ಅ) ಕಾರ್ಡಿಲ್ಲದವರು, ಕಾರ್ಡಿನಲ್ಲಿ ಹೆಸರು ಸೇರದ ಮಕ್ಕಳು-ಸೊಸೆಯಂದಿರು, ಇ-ಕೆವೈಸಿ (ಕಾರ್ಡಿನಲ್ಲಿರುವ ಪ್ರತಿಯೊಬ್ಬರೂ ಬೆರಳು ಕೊಟ್ಟು ತಾವೇ ಎಂದು ಖಚಿತಪಡಿಸುವುದು) ಆಗದೆ ಹೆಸರು ಬಿಟ್ಟುಹೋದವರು.
ಆ) ಕಾರ್ಡಿದ್ದೂ ಧಾನ್ಯ ಸಿಗದವರು, ಕಡಿಮೆ ತೂಕದವರು.
ಇ) ಆರು ವರ್ಷದೊಳಗಿನ ಮಕ್ಕಳು, ಬಸುರಿ-ಬಾಣಂತಿಯರು.
ಈ) ಎಲ್ಲ ಕಾಗದ ಸರಿಯಿದ್ದೂ ಬೇಯಿಸಿ ಹಾಕುವವರಿಲ್ಲದ ಒಂಟಿ ಮುದುಕರು, ಹಾಸಿಗೆ ಹಿಡಿದವರು.

ವಹಿಯಲ್ಲಿ ಆಧಾರ್ ಸಂಖ್ಯೆ ಬರೆಯಬೇಡಿ. ಪುಟದ ಫೋಟೊ ವಾಟ್ಸಾಪ್‌ಗೆ ಹೋಗಕೂಡದು. ಒಮ್ಮೆ ಹೋದರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ. ವಿದ್ಯಾರ್ಥಿಗಳ ಸಹಾಯ ಬೇಕಾದರೆ ಹತ್ತಿರದ ಕಾಲೇಜಿನ ಎನ್ಎಸ್‌ಎಸ್ ಘಟಕವನ್ನು ಕೇಳಬಹುದು, ಆದರೆ ಅವರು ಓಣಿಯವರ ಹಿಂದೆ ಹೋಗಲಿ, ಮುಂದೆ ಬೇಡ.

ಹಂತ 4: ಹಕ್ಕಿನದು ಮೊದಲು ತರಿಸಿ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪ್ರಕಾರ ಆದ್ಯತಾ ಕುಟುಂಬಕ್ಕೆ (ನಾವು ಬಿಪಿಎಲ್ ಎನ್ನುವ ಕಾರ್ಡು) ತಲೆಗೆ ತಿಂಗಳಿಗೆ 5 ಕಿಲೊ ಧಾನ್ಯ, ಅಂತ್ಯೋದಯ ಕುಟುಂಬಕ್ಕೆ (ತೀರಾ ಬಡವರ ಕಾರ್ಡು) ಒಟ್ಟು 35 ಕಿಲೊ. ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದರೆ ಹದಿನೆಂಟು ದಾಟಿದ ಹಿರಿಯ ಹೆಣ್ಣುಮಗಳು. ಇದರ ಮೇಲೆ ರಾಜ್ಯದ ಅನ್ನಭಾಗ್ಯದ ಪಾಲು ಬರುತ್ತದೆ, ಅದರ ರೂಪ ಮಾತ್ರ ಬದಲಾಗುತ್ತಿರುತ್ತದೆ: 2023ರ ಜುಲೈಯಿಂದ ಹೆಚ್ಚುವರಿ ಅಕ್ಕಿಯ ಬದಲು ಕಿಲೊಗೆ 34 ರೂಪಾಯಿಯಂತೆ ಖಾತೆಗೆ ಹಣ ಬಂತು, 2025ರಲ್ಲಿ ಮತ್ತೆ ಅಕ್ಕಿಯಾಯಿತು. ಆದ್ದರಿಂದ ಜನರಿಗೆ “ಇಷ್ಟು ಬರಬೇಕು” ಎಂದು ಹೇಳುವ ಮುನ್ನ ಆ ತಿಂಗಳ ಆದೇಶ ನೋಡಿಕೊಳ್ಳಿ. ಹಳೆ ಲೆಕ್ಕ ಹಿಡಿದು ಅಂಗಡಿಯಲ್ಲಿ ಜಗಳ ತೆಗೆದರೆ ಬಳಗದ ಮಾತಿಗೆ ಬೆಲೆ ಹೋಗುತ್ತದೆ.

*ಅ ಗುಂಪು.* ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಅರ್ಜಿ. ಹೊಸ ಕಾರ್ಡಿಗಾಗಲಿ ತಿದ್ದುಪಡಿಗಾಗಲಿ ಸರ್ವರ್ ಸದಾ ತೆರೆದಿರುವುದಿಲ್ಲ. ಕೆಲವೇ ದಿನ ಬಿಡುತ್ತಾರೆ. ಆಗ ಓಡಾಡಿದರೆ ಆಗದು. ಜಾತಿ-ಆದಾಯ ಪ್ರಮಾಣಪತ್ರ, ಮಕ್ಕಳ ಜನನ ಪತ್ರ, ಆಧಾರ್‌ನ ವಿಳಾಸ ಮೊದಲೇ ಸರಿ ಮಾಡಿಸಿ, ಝೆರಾಕ್ಸ್ ಸಮೇತ ಮನೆಗೊಂದು ಪಾಕೀಟು ಕಟ್ಟಿಡಿ. ಒಂಟಿ ವಿಧವೆಯರು, ಆಸರೆ ಇಲ್ಲದ ವೃದ್ಧರು, ಅಂಗವಿಕಲರು ಸಾಧಾರಣ ಬಿಪಿಎಲ್‌ನಲ್ಲಿದ್ದರೆ ಅಂತ್ಯೋದಯಕ್ಕೆ ಬದಲಿಸಲು ಅರ್ಜಿ ಕೊಡಿಸಿ. ಒಬ್ಬರೇ ಇರುವ ಮನೆಗೆ 5 ಕಿಲೊ ಎಲ್ಲಿ, 35 ಕಿಲೊ ಎಲ್ಲಿ.

*ಆ ಗುಂಪು.* ಇಲ್ಲಿ ತುಸು ನಿಂತು ಹೇಳಬೇಕು. ಹತ್ತಿ ಬಿಡಿಸಿ, ಕಳೆ ಕಿತ್ತು, ಪಾತ್ರೆ ತಿಕ್ಕಿ ಬೆರಳಿನ ಗೆರೆಯೇ ಸವೆದುಹೋದ ಮುದುಕಿಯರು ರೇಷನ್ ಅಂಗಡಿ ಮುಂದೆ ಎರಡು-ಮೂರು ದಿನ ಕೂಲಿ ಬಿಟ್ಟು ಕೂಡುವುದನ್ನು ನೀವೂ ನೋಡಿರುತ್ತೀರಿ. ಮಷೀನಿನ ಗಾಜಿನ ಮೇಲೆ ಹಿಂದಿನವರ ಬೆವರು, ಧೂಳು ಕೂತಿರುತ್ತದೆ. ಅದನ್ನು ಒರೆಸಿ, ಕೈ ತೊಳೆದು ಒಣಗಿಸಿ, ಹತ್ತೂ ಬೆರಳು ಒಂದೊಂದಾಗಿ ಇಡಲು ಹೇಳಿ. ಹೆಬ್ಬೆಟ್ಟು ಕೈಕೊಟ್ಟರೂ ಉಂಗುರದ ಬೆರಳು ಹಿಡಿಯುವುದುಂಟು. ಆಗದಿದ್ದರೆ ಕಾರ್ಡಿನಲ್ಲಿರುವ ಮನೆಯ ಇನ್ನೊಬ್ಬರು, ಅದೂ ಇಲ್ಲದಿದ್ದರೆ ಮೊಬೈಲ್ ಒಟಿಪಿ. ಅದೂ ಆಗದಿದ್ದರೆ ಬರಿಗೈಲಿ ಕಳಿಸುವಂತಿಲ್ಲ. ಬೆರಳು ಹೊಂದಲಿಲ್ಲ, ಆಧಾರ್ ಜೋಡಣೆ ಆಗಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಅಂಥವರಿಗೆ ಪ್ರತ್ಯೇಕ ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು. ಆ ಪುಸ್ತಕ ಎಲ್ಲಿದೆ ಎಂದು ಮೆತ್ತಗೆ ಕೇಳಿ ನೋಡಿ.

ಅಂಗಡಿಯ ಹೊರಗೆ ದಾಸ್ತಾನು, ತಲೆಗೆ ಎಷ್ಟು, ತೆರೆಯುವ ಹೊತ್ತು, ದೂರು ಕೊಡುವ ಬಗೆ ಬರೆದ ಫಲಕ ಇರಬೇಕೆಂಬುದು ನಿಯಮ. ಎರಡೇ ದಿನ ಹಂಚಿ ಬಾಗಿಲು ಹಾಕುವುದು, ಹೆಬ್ಬೆಟ್ಟಿಗೆ ಹತ್ತಿಪ್ಪತ್ತು ರೂಪಾಯಿ ಕೇಳುವುದು, ಚೀಲದ ತೂಕ ಎಂದು ಅರ್ಧ ಕಿಲೊ ಮುರಿಯುವುದು ಕಂಡರೆ ಈ ಕ್ರಮದಲ್ಲಿ ಹೋಗಿ: ಮೊದಲು ಅಂಗಡಿಯವರ ಜೊತೆಗೇ ಮಾತು; ನಂತರ ತಹಶೀಲ್ದಾರ್ ಕಚೇರಿಯ ಆಹಾರ ನಿರೀಕ್ಷಕರಿಗೆ ಲಿಖಿತ ಅರ್ಜಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು; ಜೊತೆಗೆ 1967ಕ್ಕೆ ಕರೆ, ದೂರಿನ ಸಂಖ್ಯೆ ಬರೆದಿಟ್ಟುಕೊಂಡು; ಆಮೇಲೆ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ; ಕೊನೆಗೆ ಬೆಂಗಳೂರಿನ ರಾಜ್ಯ ಆಹಾರ ಆಯೋಗ. ಕೊನೆಯ ಎರಡೂ ಇದೇ ಕಾಯ್ದೆಯಡಿ ಬಂದವು, ಆದರೆ ಅವು ಇವೆ ಎಂಬುದೇ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ದಾಸ್ತಾನು, ವಿತರಣೆಯ ಲೆಕ್ಕ ಬೇಕಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನ.

ಪ್ರತಿ ರೇಷನ್ ಅಂಗಡಿಗೂ ಒಂದು ಜಾಗೃತ ಸಮಿತಿ ಇರಬೇಕೆಂದು ಕಾಯ್ದೆಯ 29ನೇ ಕಲಮು ಹೇಳುತ್ತದೆ. ಅದರಲ್ಲಿ ಪಂಚಾಯಿತಿಯವರ ಜೊತೆಗೆ ಪರಿಶಿಷ್ಟ ಜಾತಿ-ಪಂಗಡದವರು, ಮಹಿಳೆಯರು, ನಿರ್ಗತಿಕರು ಇರಬೇಕು. ನಿಮ್ಮೂರಲ್ಲಿ ಅದು ಕಾಗದದ ಮೇಲಿದ್ದರೆ ಗ್ರಾಮಸಭೆಯಲ್ಲಿ ಸದಸ್ಯರ ಹೆಸರು ಓದಿ ಹೇಳಲು ಕೇಳಿ. ಬಳಗದ ಇಬ್ಬರು ಅದರೊಳಗೆ ಸೇರಿದರೆ ಹೊರಗೆ ನಿಂತು ಮಾಡುವ ಅರ್ಧ ಜಗಳ ತಪ್ಪುತ್ತದೆ.

*ಇ ಗುಂಪು.* ಆರು ತಿಂಗಳಿಂದ ಆರು ವರ್ಷದ ಮಕ್ಕಳು, ಬಸುರಿಯರು, ಹೆರಿಗೆಯಾಗಿ ಆರು ತಿಂಗಳವರೆಗಿನ ತಾಯಂದಿರು ಅಂಗನವಾಡಿಯ ಹಕ್ಕುದಾರರು. ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಊಟಕ್ಕೆ ಬಸುರಿ-ಬಾಣಂತಿಯರು ಅಂಗನವಾಡಿಗೇ ಬಂದು ಉಣ್ಣಬೇಕು. ಬಾಣಂತಿ ಹೊರಗೆ ಹೋಗಬಾರದೆಂಬ ಮನೆಗಳಲ್ಲಿ ಅದು ನಡೆಯುವುದಿಲ್ಲ. ಅತ್ತೆಯಂದಿರ ಜೊತೆ ಮಾತಾಡಲು ಓಣಿಯ ಹಿರಿಯ ಹೆಣ್ಣುಮಕ್ಕಳನ್ನೇ ಕಳಿಸಿ. ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಆಶಾ, ಅಂಗನವಾಡಿಯವರ ಬಳಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳು 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ, ಇಲ್ಲವೇ ಎರಡೂ ಪಾದ ಊದಿಕೊಂಡಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಬಿಸ್ಕತ್ತು, ಪುಡಿ ಕೊಟ್ಟು ಕಾಯಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಹೇಳಿದರೆ ಎನ್‌ಆರ್‌ಸಿಗೆ (ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರ). ಅಲ್ಲಿ ತಾಯಿ ಮಗುವಿನ ಜೊತೆ ಎರಡು ವಾರದ ಹತ್ತಿರ ಇರಬೇಕಾಗುತ್ತದೆ. “ಮನ್ಯಾಗಿನ ಉಳಿದ ಮಕ್ಕಳನ್ನ ಯಾರು ನೋಡ್ಕೋತಾರ?” ಎಂಬ ಒಂದೇ ಕಾರಣಕ್ಕೆ ಎಷ್ಟೋ ತಾಯಂದಿರು ಅರ್ಧಕ್ಕೇ ಎದ್ದು ಬರುತ್ತಾರೆ. ಬಳಗ ನಿಜಕ್ಕೂ ಬೇಕಾಗುವುದು ಇಲ್ಲಿ: ಆ ಎರಡು ವಾರ ಮನೆಯ ಮಕ್ಕಳಿಗೆ ರೊಟ್ಟಿ, ಎಮ್ಮೆಗೆ ಮೇವು ಯಾರ ಪಾಳಿ ಎಂದು ಮೊದಲೇ ಗೊತ್ತು ಮಾಡಿ.

ಶಾಲೆಯ ಊಟದಲ್ಲಿ 1ರಿಂದ 5ನೇ ತರಗತಿಗೆ ದಿನಕ್ಕೆ ತಲಾ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ. 6ರಿಂದ 8ಕ್ಕೆ 150 ಮತ್ತು 30. ಸಾರು ನೀರಾಗಿದ್ದರೆ ಅಡುಗೆಯವರ ಮೇಲೆ ಹರಿಹಾಯುವ ಮುನ್ನ ಬೇಳೆ ಎಷ್ಟು ಬಂದಿದೆ ಎಂದು ದಾಸ್ತಾನು ಪುಸ್ತಕ ನೋಡಿ. ಮೊಟ್ಟೆ ಮೊದಲು 2021ರ ಕೊನೆಗೆ ಬಂದದ್ದೇ ನಮ್ಮ ಭಾಗದ ಶಾಲೆಗಳಿಗೆ. ಮೊಟ್ಟೆ ಬೇಕೇ ಬೇಡವೇ ಎಂದು ಆಗ ಎದ್ದ ವಾದ ಈಗಲೂ ಕೆಲವು ಊರಲ್ಲಿ ತಣ್ಣಗಾಗಿಲ್ಲ. ತಿನ್ನದ ಮಗುವಿಗೆ ಬಾಳೆಹಣ್ಣು ಉಂಟು. ತಿನ್ನುವ ಮಗುವಿನ ಮೊಟ್ಟೆ ನಿಲ್ಲಿಸಲು ಬಳಗದಲ್ಲಿ ಯಾರಿಗೂ ಹಕ್ಕಿಲ್ಲ ಎಂದು ಮೊದಲ ಸಭೆಯಲ್ಲೇ ಹೇಳಿಬಿಡಿ. ಅಡುಗೆ ಮಾಡುವವರ ಜಾತಿ ನೋಡಿ ಮಕ್ಕಳನ್ನು ಊಟಕ್ಕೆ ಬಿಡದ ಪಾಲಕರು ಬಳಗದಲ್ಲಿದ್ದರೆ ಅವರು ಹೊರಗೆ.

ಹಂತ 5: ಉಳಿದ ಕೊರತೆಗೆ ಊರ ಕಾಳು

ಹಕ್ಕಿನದೆಲ್ಲ ಬಂದ ಮೇಲೂ ಆಷಾಢ-ಶ್ರಾವಣದಲ್ಲಿ ಕೈ ಬರಿದಾಗುತ್ತದೆ. ಬಿತ್ತನೆಗೆ ಸಾಲ ಆಗಿರುತ್ತದೆ, ಹೆಸರು-ಉದ್ದು ಇನ್ನೂ ಹೊಲದಲ್ಲಿರುತ್ತದೆ, ಕೂಲಿ ಮಳೆಯ ಕೈಯಲ್ಲಿ. ಆದರೆ ಕಾಳು ಕೇಳಬೇಕಾದ್ದು ಆಗಲ್ಲ. ತೊಗರಿ ರಾಶಿ ಡಿಸೆಂಬರ್-ಜನವರಿಗೆ, ಹಿಂಗಾರಿ ಜೋಳದ ರಾಶಿ ಫೆಬ್ರವರಿ-ಮಾರ್ಚಿಗೆ. ಕಣದಲ್ಲಿ ರಾಶಿ ಬಿದ್ದಾಗ ಒಂದೆರಡು ಸೇರು ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಜುಲೈಯಲ್ಲಿ ಅದೇ ರೈತರು ತಾವೇ ಉದ್ರಿಯಲ್ಲಿರುತ್ತಾರೆ. ಗಂಜಿನ (ಕಾಳಿನ ಮಾರುಕಟ್ಟೆಯ) ಅಡತಿ ಅಂಗಡಿಯವರನ್ನೂ ಈ ದಿನಗಳಲ್ಲೇ ಕೇಳಿ.

ಕೂಡಿಸಿದ್ದನ್ನು ಕೆಡದಂತೆ ಇಡುವುದೇ ದೊಡ್ಡ ಕೆಲಸ. ಜೋಳವನ್ನು ಹಲ್ಲಿನಲ್ಲಿ ಕಡಿದರೆ ಕಟಕ್ ಎನ್ನುವಷ್ಟು ಒಣಗಿಸಿ, ಗಾಳಿಯಾಡದ ಡಬ್ಬಿ ಅಥವಾ ಚೀಲದಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಇಡೀ ತೊಗರಿಗೆ ಹುಳ ಬೇಗ ಬೀಳುತ್ತದೆ. ಬೇಳೆ ಮಾಡಿಸಿ ಇಟ್ಟರೆ ಹೆಚ್ಚು ಬಾಳುತ್ತದೆ. ಬಿಸಿಲ ಕಾಲ ಮುಗಿಯುವ ಮುನ್ನ ಇನ್ನೊಮ್ಮೆ ಒಣಗಿಸಿ. ಮಾತ್ರೆ, ಪುಡಿ ಹಾಕಬೇಡಿ. ಕಾಳಿಗೆ ಹಾಕುವ ವಿಷದ ಮಾತ್ರೆ ಮನೆಯೊಳಗೆ ಜೀವ ತೆಗೆದೀತು.

ಕೊಡುವುದರಲ್ಲಿ ಎರಡು ಬಗೆ ಇರಲಿ. ವಹಿಯ ‘ಈ’ ಗುಂಪಿನ ಒಂಟಿ ಮುದುಕರಿಗೆ ಧರ್ಮಕ್ಕೆ, ಮರಳಿ ಕೇಳುವ ಮಾತಿಲ್ಲ. ದುಡಿಯುವ ಮನೆಗಳಿಗೆ ಕೈಗಡ: ಒಯ್ದಷ್ಟೇ ಮುಂದಿನ ರಾಶಿಗೆ ತಂದು ಹಾಕುವುದು. ಸವಾಯಿ (ಒಂದಕ್ಕೆ ಒಂದೂಕಾಲು ಮರಳಿಸುವ ಹಳೆ ಲೆಕ್ಕ) ಬೇಡವೇ ಬೇಡ; ಅದು ಶುರುವಾದರೆ ಬಳಗ ಸಾಹುಕಾರನಾಗುತ್ತದೆ. ಬೇಯಿಸಿಕೊಳ್ಳಲಾಗದವರಿಗೆ ಕಾಳು ಕೊಟ್ಟು ಏನು ಫಲ? ಪಕ್ಕದ ಮನೆಯವರಿಗೆ ಕಾಳು ಕೊಟ್ಟು, ಎರಡು ರೊಟ್ಟಿ ಹೆಚ್ಚು ಬಡಿದು ಪಲ್ಯದ ಜೊತೆ ತಲುಪಿಸುವ ವ್ಯವಸ್ಥೆ ಮಾಡಿ. ಹಲ್ಲಿಲ್ಲದವರಿಗೆ ಕಟಕ ರೊಟ್ಟಿ ಕಳಿಸಿ ಪುಣ್ಯ ಕಟ್ಟಿಕೊಳ್ಳುವವರೂ ಇದ್ದಾರೆ. ಅಂಬಲಿ, ನುಚ್ಚು ಕಳಿಸಿ.

ಮದುವೆಯಲ್ಲಿ ಉಳಿದ ಅನ್ನ ತಂದು ಹಂಚುವ ಆಸೆ ಪಟ್ಟಣದ ಹುಡುಗರಿಗೆ ಬಹಳ. ನಮ್ಮ ಬಿಸಿಲಿಗೆ ಅದು ಅಪಾಯ. ಬೇಯಿಸಿದ್ದು ಬಿಸಿಯಾಗಿಯೇ ಇರಬೇಕು, ಇಲ್ಲವೇ ತಣ್ಣಗಿಟ್ಟಿರಬೇಕು. ಮಧ್ಯಾಹ್ನದ ಅನ್ನ ಸಂಜೆಗೆ ಹಂಚುವ ಕೆಲಸಕ್ಕೆ ಕೈ ಹಾಕಬೇಡಿ.

ಹಂತ 6: ಗುಳೆಗೆ ಮುನ್ನ

ದೀಪಾವಳಿ ಆಸುಪಾಸಿನಿಂದ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ಬಸ್ಸು ತುಂಬತೊಡಗುತ್ತವೆ. ಅದಕ್ಕೂ ಮೊದಲು ಒಂದು ಸಭೆ ಬರೀ ಇದಕ್ಕೇ ಇಡಿ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಬೇರೆ ರಾಜ್ಯದ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ಅಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ, ನಮ್ಮ ರಾಜ್ಯದ ಹೆಚ್ಚುವರಿ ಸಿಗದು. ಹೋದವರು ತಮ್ಮ ಪಾಲಿನಷ್ಟು ಅಲ್ಲಿ, ಉಳಿದ ಅಜ್ಜ-ಅಜ್ಜಿ ತಮ್ಮ ಪಾಲಿನಷ್ಟು ಇಲ್ಲಿ ಎತ್ತಬಹುದು. ಮೂಲ ಕಾರ್ಡು ಊರಲ್ಲಿ ಬಿಟ್ಟು, ಸಂಖ್ಯೆಯ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಲಿ. ಬಸುರಿ ಹೋಗುತ್ತಿದ್ದರೆ ತಾಯಿ ಕಾರ್ಡ್ (ಬಸುರಿಯ ತಪಾಸಣೆ ಬರೆದಿಡುವ ಕಾರ್ಡು) ಜೊತೆಗಿರಲೇಬೇಕು. ಹೋದ ಊರಿನ ಅಂಗನವಾಡಿಯಲ್ಲೂ ಆಕೆಗೆ ಊಟ ಕೇಳುವ ಹಕ್ಕಿದೆ. ಶಾಲೆಯ ಮಕ್ಕಳನ್ನು ಬಿಟ್ಟು ಹೋಗುವ ಮನೆಗಳಿದ್ದರೆ ಋತುಮಾನದ ಹಾಸ್ಟೆಲ್ (ಗುಳೆ ಹೋದವರ ಮಕ್ಕಳು ಆ ತಿಂಗಳುಗಳಲ್ಲಿ ಉಳಿಯುವ ಜಾಗ) ಬಗ್ಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಹಂತ 7: ದುಡ್ಡು, ನೋಂದಣಿ

ಮೊದಲ ವರ್ಷ ನೋಂದಣಿ ಬೇಡ ಎಂದೇ ನನ್ನ ಅಭಿಪ್ರಾಯ. ಅಧ್ಯಕ್ಷ ಯಾರು ಎಂಬ ಪ್ರಶ್ನೆಯಲ್ಲೇ ಎಷ್ಟೋ ಬಳಗ ಒಡೆದಿವೆ. ಇಬ್ಬರ ಜಂಟಿ ಖಾತೆ, ಪ್ರತಿ ಸಭೆಯಲ್ಲಿ ಲೆಕ್ಕ ಓದುವುದು, ಅಷ್ಟು ಸಾಕು. ಮುಂದೆ ಬೇಕೆನಿಸಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಮಾಡಬಹುದು. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಸಿಎಸ್‌ಆರ್ (ಕಂಪನಿಗಳು ಲಾಭದ ಒಂದಂಶವನ್ನು ಸಮಾಜಕ್ಕೆ ವ್ಯಯಿಸುವ ನಿಯಮ) ಹಣ ಕೇಳುವುದಾದರೆ ನೋಂದಣಿ ಬೇಕಾಗುತ್ತದೆ. ಕೇಳುವಾಗ ಕಿಟ್ ಕೇಳಬೇಡಿ. ಕಾಳಿಡುವ ಕೋಣೆ, ತೂಕದ ಯಂತ್ರ, ಗಾಳಿಯಾಡದ ಚೀಲ ಕೇಳಿ.

ಫೋಟೊ ಹಿಡಿದು ದಾನ ಕೊಡುವವರು ಬರುತ್ತಾರೆ. ಪಡೆಯುವವರ ಮುಖ ಬೇಡ, ಚೀಲದ ಫೋಟೊ ಬೇಕಾದಷ್ಟು ಹೊಡೆದುಕೊಳ್ಳಿ ಎನ್ನಿ. ಒಪ್ಪದಿದ್ದರೆ ಆ ದಾನ ಬಿಟ್ಟರೂ ನಷ್ಟವಿಲ್ಲ.

ಹಂತ 8: ಸಭೆ ನಡೆಸುವ ಬಗೆ

ತಿಂಗಳಿಗೆ ಎರಡು ಸಭೆ, ಒಂದು ರೇಷನ್ ಹಂಚಿಕೆ ಮುಗಿದ ವಾರದಲ್ಲಿ. ಭಾಷಣ, ಸ್ವಾಗತ, ವಂದನಾರ್ಪಣೆ ಇಲ್ಲ. ವಹಿ ತೆರೆದು ಬಾಕಿ ಇರುವ ಒಂದೊಂದೇ ಹೆಸರಿಗೆ ಮೂರೇ ಮಾತು: ಎಲ್ಲಿ ನಿಂತಿದೆ, ಯಾರು ಹೋಗುತ್ತಾರೆ, ಯಾವ ದಿನ. ಮುಗಿದ ಹೆಸರಿಗೆ ಗೆರೆ ಎಳೆಯಿರಿ, ಆದರೆ ಆರು ತಿಂಗಳ ಮೇಲೆ ಒಮ್ಮೆ ಮತ್ತೆ ಹೋಗಿ ನೋಡಿ. ಬಂದ ರೇಷನ್ ನಿಂತಿರುವುದು ಅಪರೂಪವಲ್ಲ. ವಹಿ ಇಟ್ಟುಕೊಂಡವರೇ ಗುಳೆ ಹೋಗುವುದುಂಟು, ಆದ್ದರಿಂದ ಅದು ಯಾವಾಗಲೂ ಇಬ್ಬರ ತಿಳಿವಿನಲ್ಲಿರಲಿ.

ಪಂಚಾಯಿತಿ ಚುನಾವಣೆ ಬಂದಾಗ ಬಳಗದಿಂದಲೇ ಒಬ್ಬಿಬ್ಬರು ನಿಲ್ಲುತ್ತಾರೆ. ನಿಲ್ಲಲಿ, ತಪ್ಪಿಲ್ಲ. ನಾಮಪತ್ರ ಹಾಕಿದ ದಿನದಿಂದ ಫಲಿತಾಂಶದವರೆಗೆ ಅವರ ಕೈಗೆ ವಹಿ, ಕಾಳಿನ ಕೋಣೆಯ ಕೀಲಿ ಎರಡೂ ಹೋಗಬಾರದು. ಇದನ್ನು ಮೊದಲ ಸಭೆಯಲ್ಲೇ, ಇನ್ನೂ ಯಾರೂ ಅಭ್ಯರ್ಥಿ ಆಗದಿರುವಾಗಲೇ, ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಸಹಿ ಬಾರದವರ ಹೆಬ್ಬೆಟ್ಟೂ ಇರಲಿ.